ಪರ್ಮಿಟ್ ಇಲ್ಲದೆ ಫರ್ನ್ ಕ್ಯಾನ್ಯನ್: ಮಾವನವರ ಜೊತೆ 12 ಮೈಲಿ ಸುತ್ತಿದ ಅನುಭವ

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ನಮ್ಮ ಗುಂಪಿನಲ್ಲಿ ಪ್ರತಿ ಬೇಸಿಗೆ ಇದೇ ಗೋಳು. ಉತ್ತರ ಕ್ಯಾಲಿಫೋರ್ನಿಯಾದ ಜರೀಗಿಡಗಳ ಕಮರಿ ಫರ್ನ್ ಕ್ಯಾನ್ಯನ್‌ಗೆ ಪರ್ಮಿಟ್ ಸಿಗಲಿಲ್ಲ, ಪ್ಲಾನ್ ಕ್ಯಾನ್ಸಲ್. ಆದರೆ ಮೇ 15ರಿಂದ ಸೆಪ್ಟೆಂಬರ್ 15ರವರೆಗಿನ ಆ ಪರ್ಮಿಟ್ ಬೇಕಾಗುವುದು ಕಡಲ ಕಡೆಯ ಡೇವಿಸನ್ ರಸ್ತೆಯಲ್ಲಿ ಕಾರು ತರುವವರಿಗೆ. ಕಾಡಿನ ಕಡೆಯಿಂದ ನಡೆದು ಬರುವವರಿಗಲ್ಲ. ಪ್ರೇರಿ ಕ್ರೀಕ್ ರೆಡ್‌ವುಡ್ಸ್ ಸ್ಟೇಟ್ ಪಾರ್ಕಿನ ವಿಸಿಟರ್ ಸೆಂಟರ್ ಹತ್ತಿರ ಕಾರು ಬಿಡಿ, ಜೇಮ್ಸ್ ಅರ್ವಿನ್ ಟ್ರೇಲ್ ಹಿಡಿದು ಕ್ಯಾನ್ಯನ್‌ಗೆ ಮೇಲಿನಿಂದ ಇಳಿಯಿರಿ, ಗೋಲ್ಡ್ ಬ್ಲಫ್ಸ್ ಬೀಚ್ ಪಕ್ಕ ದಕ್ಷಿಣಕ್ಕೆ ನಡೆದು ಮೈನರ್ಸ್ ರಿಡ್ಜ್ ಹತ್ತಿ ವಾಪಸ್ ಬನ್ನಿ. ಹೆಚ್ಚುಕಮ್ಮಿ 12 ಮೈಲಿ.

ಇದನ್ನು ಊರಿಂದ ಬಂದಿದ್ದ ಮಾವನವರ ಜೊತೆ ಮಾಡ್ತೀನಿ ಅಂದಾಗ ಗುಂಪಿನವರು ನಕ್ಕರು. ಅರವತ್ತು ದಾಟಿದವರನ್ನು 12 ಮೈಲಿ ನಡೆಸ್ತೀಯಾ, ಸುಮ್ನೆ ಪಾಯಿಂಟ್ ಲೋಬೋಸ್ ಕಡಲತೀರ ತೋರಿಸಿ ಕರ್ಕೊಂಡು ಬಾ ಅಂದರು. ತೀರ್ಥಹಳ್ಳಿ ಕಡೆಯ ತೋಟದವರ ಕಾಲು ಎಂಥದ್ದು ಅಂತ ಅವರಿಗೇನು ಗೊತ್ತು! ನಾವು ಬೆಳಿಗ್ಗೆ ಏಳೂವರೆಗೆ ಹೊರಟು ಸಂಜೆ ನಾಲ್ಕರ ಸುಮಾರಿಗೆ ಕಾರಿನ ಹತ್ತಿರ ಇದ್ದೆವು. ಕೊನೆಯ ಏರಿನಲ್ಲಿ ಏದುಸಿರು ಬಿಡುತ್ತಿದ್ದದ್ದು ನಾನು.

ಕೆಲಸ ಕೆಡಿಸುವುದು ದೂರ ಅಲ್ಲ, ಶೂ. ಇದಕ್ಕೆ ನಾನು ಸುರಿದ ದುಡ್ಡು ಹೆಂಡತಿಗೆ ಪೂರ್ತಿ ಗೊತ್ತಿಲ್ಲ. ಮೊದಲು ಸುಮಾರು 180 ಡಾಲರಿನ ವಾಟರ್‌ಪ್ರೂಫ್ ಬೂಟು. ಕ್ಯಾನ್ಯನ್‌ನಲ್ಲಿ ಹರಿಯುವ ಹೋಮ್ ಕ್ರೀಕ್‌ನಲ್ಲಿ ಎಲ್ಲೋ ಒಂದು ಕಡೆ ನೀರು ಬೂಟಿನ ಬಾಯಿಗಿಂತ ಮೇಲೆ ಬಂದೇ ಬರುತ್ತದೆ. ಒಳಗೆ ಹೋದ ನೀರನ್ನು ಆ ವಾಟರ್‌ಪ್ರೂಫ್ ಆಮೇಲೆ ಹೊರಗೂ ಬಿಡುವುದಿಲ್ಲ. ಆಮೇಲೆ 40 ಡಾಲರಿನ ರಬ್ಬರ್ ಗಂಬೂಟು ತಂದೆ. ಕ್ಯಾನ್ಯನ್‌ಗೆ ಅದು ರಾಜ, ಉಳಿದ ಹತ್ತು ಹನ್ನೊಂದು ಮೈಲಿಗೆ ಹಿಮ್ಮಡಿ ಸುಲಿದು ಬೊಬ್ಬೆ. ಸ್ಯಾಂಡಲ್ ಹಾಕಿದರೆ ಬೆರಳ ಸಂದಿಯಲ್ಲಿ ಕಲ್ಲು. ಕೊನೆಗೆ ಗೆದ್ದದ್ದು ಎಸೆಯಲು ಇಟ್ಟಿದ್ದ ಹಳೆಯ ಜಾಲರಿ ಬಟ್ಟೆಯ ರನ್ನಿಂಗ್ ಶೂ. ಅದು ನೆನೆಯಲಿ ಅಂತಲೇ ನೆನೆಸುವುದು, ತೆಳು ಉಣ್ಣೆ ಕಾಲುಚೀಲ ಹಾಕುವುದು, ಬೀಚ್‌ನಲ್ಲಿ ಕಾಲುಚೀಲ ಬದಲಿಸುವುದು. ಅರ್ಧ ಗಂಟೆಯಲ್ಲಿ ಶೂ ನಡೆಯುವಷ್ಟು ಒಣಗುತ್ತದೆ. ಕಾಲುಚೀಲಕ್ಕೆ ಮುಂಚೆ ಪಾದಕ್ಕೆ ಏನು ಹಚ್ಚುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಎರಡನೆಯದು ದಿಕ್ಕು. ಇದು ಗಡಿಯಾರಕ್ಕೆ ಉಲ್ಟಾ ಸುತ್ತು. ಅಪ್ರದಕ್ಷಿಣೆ ಯಾಕೆ ಹಾಕ್ತಿದ್ದೀರಾ ಅಂತ ಅತ್ತೆ ಫೋನಿನಲ್ಲೇ ಗದರಿದರು. ಆದರೆ ಆ ಕರಾವಳಿಯಲ್ಲಿ ಬೇಸಿಗೆಯ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಹೀಗೆ ಹೋದರೆ ಬೀಚ್ ಕಡೆ ಅದು ಬೆನ್ನಿಗೆ. ಪ್ರದಕ್ಷಿಣೆ ಬಂದರೆ ಒಂದೂವರೆ ಮೈಲಿ ಮುಖಕ್ಕೆ ಮರಳು ಎರಚಿಸಿಕೊಂಡು ನಡೆಯಬೇಕು, ನಾನು ಅದನ್ನೂ ನೋಡಿಯಾಗಿದೆ. ಇನ್ನೊಂದು ಲಾಭ, ಕಾರಿನಲ್ಲಿ ಬರುವವರು ಕಡಲ ಕಡೆಯಿಂದ ಹತ್ತುತ್ತಾರೆ. ನೀವು ಮೇಲಿನಿಂದ ಬೇಗ ಇಳಿದರೆ ಮೊದಲರ್ಧ ಕ್ಯಾನ್ಯನ್ ನಿಮ್ಮದೇ.

ಆ ಮೊದಲರ್ಧದಲ್ಲಿ ಮಾವನವರು ಮಾತೇ ಆಡಲಿಲ್ಲ. ಎರಡೂ ಕಡೆ 50 ಅಡಿ ಎತ್ತರದ ನೆಟ್ಟಗಿನ ಗೋಡೆ, ಮೇಲಿಂದ ಕೆಳಗಿನವರೆಗೆ ಜರೀಗಿಡ. ಎಲೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ, ಮಳೆ ಇಲ್ಲದಿದ್ದರೂ. ಅಡ್ಡ ಬಿದ್ದ ಮರಗಳ ಹತ್ತಿರ ನಾನು ಕೈ ಕೊಡಲು ಹೋದರೆ ಅವರು ಆಗಲೇ ಆಚೆ ದಾಟಿ ನಿಂತಿದ್ದರು. ಹಳ್ಳದ ಮೇಲಿನ ಮರದ ಸಂಕ ದಾಟಿ ಶಾಲೆಗೆ ಹೋದವರು ಅಲ್ವಾ. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟು ತೇವ ಇದೆ, ಇಂಬಳ ಎಲ್ಲಿ?" ಇಂಬಳ ಇಲ್ಲ ಮಾವ, ಹಳದಿ ಬಾಳೆಹಣ್ಣಿನಂಥ ಬನಾನಾ ಸ್ಲಗ್ ಅಂತ ಚಿಪ್ಪಿಲ್ಲದ ಬಸವನಹುಳು ಇದೆ, ಅದು ಕಚ್ಚುವುದಿಲ್ಲ ಅಂದೆ. ಈ ಕಾಡಿಗೆ ಅವರು ಕೊಟ್ಟ ದೊಡ್ಡ ಸರ್ಟಿಫಿಕೇಟ್ ಆ ಪ್ರಶ್ನೆಯೇ.

ಬುತ್ತಿಯಲ್ಲೂ ಪ್ರಯೋಗ ನಡೆಯಿತು. ಇಲ್ಲಿ ಒಂದು ಪುಡಿಯನ್ನೂ ನೆಲಕ್ಕೆ ಬೀಳಿಸಬಾರದು. ಪುಡಿ ತಿನ್ನಲು ಜೇ ಹಕ್ಕಿ, ರೇವನ್ ಕಾಗೆಗಳು ಸೇರಿಕೊಂಡು, ಹಳೆಯ ರೆಡ್‌ವುಡ್‌ಗಳ ಮೇಲೆ ಮೊಟ್ಟೆ ಇಡುವ ಮಾರ್ಬಲ್ಡ್ ಮರ್ರ್‌ಲೆಟ್ ಎಂಬ ಕಡಲ ಹಕ್ಕಿಯ ಮೊಟ್ಟೆಗೂ ಬಾಯಿ ಹಾಕುತ್ತವೆ. ಆ ಹಕ್ಕಿ ಮೊದಲೇ ಅಳಿವಿನಂಚಿನಲ್ಲಿದೆ. ಹಾಗಾಗಿ ಚಕ್ಕುಲಿ ಔಟ್, ಚುರುಮುರಿ ಅಂತೂ ಕೇಳಲೇಬೇಡಿ. ಪುಳಿಯೋಗರೆ ಒಂದೆರಡು ಅಗುಳು ಉದುರಿಸಿಯೇ ಉದುರಿಸುತ್ತದೆ. ಗೆದ್ದದ್ದು ಕಾಯಿ ಹೋಳಿಗೆ! ಮಡಚಿ ತಿಂದರೆ ಒಂದು ಚೂರೂ ಬೀಳುವುದಿಲ್ಲ, ಹೊಟ್ಟೆ ಮೂರು ಗಂಟೆ ತಡೆಯುತ್ತದೆ. ನಾವು ಕೂತು ತಿಂದ ಜಾಗ ಮಾತ್ರ ಹೇಳುವುದಿಲ್ಲ, ಮುಂದಿನ ಸಲ ಅಲ್ಲಿ ಗುಂಪು ಕಂಡರೆ ನನಗೇ ಬೇಜಾರು.

ಫೋನ್ ನಂಬಬೇಡಿ. ಸಿಗ್ನಲ್ ಇಲ್ಲ. ದೊಡ್ಡ ಮರಗಳ ಕೆಳಗೆ ನನ್ನ ಫೋನ್ 14 ಮೈಲಿ ತೋರಿಸಿದರೆ ವಾಚು 11 ಚಿಲ್ಲರೆ ತೋರಿಸಿತು. ಪಾರ್ಕಿನ ಬೋರ್ಡ್ ನೋಡಿ ನಡೆದರೆ ಸಾಕು. ಬೀಚ್ ಕಡೆ ರಸ್ತೆಗೆ ಅಡ್ಡ ಎಲ್ಕ್ ಎಂಬ ದೊಡ್ಡ ಜಿಂಕೆಗಳ ಹಿಂಡು ನಿಂತಿತ್ತು, ಅರ್ಧ ಗಂಟೆ ಕಾದೆವು. ಸೆಪ್ಟೆಂಬರ್ ಬಂದರೆ ಗಂಡು ಎಲ್ಕ್‌ಗಳಿಗೆ ಮದ, ಆಗ ಇನ್ನೂ ದೂರ ಇರಬೇಕು.

ಖರ್ಚು ನೆನಪಿದ್ದಷ್ಟು: ಫ್ರೀಮಾಂಟ್‌ನಿಂದ ಹೋಗಿ ಬರಲು 700 ಮೈಲಿ ಹತ್ತಿರ, ಪೆಟ್ರೋಲ್ 120 ಡಾಲರ್. ಆರ್ಕೇಟಾದಲ್ಲಿ ಎರಡು ರಾತ್ರಿ ಮೋಟೆಲ್, 300ಕ್ಕೆ ಸ್ವಲ್ಪ ಜಾಸ್ತಿ. ಬೀಚ್ ಕಡೆಯಿಂದ ಕಾರಿನಲ್ಲಿ ಬಂದರೆ ಕೊಡಬೇಕಾದ 12 ಡಾಲರ್ ಉಳಿಯಿತು ಅಂತ ಮಾವನವರಿಗೆ ಎಲ್ಲಕ್ಕಿಂತ ಖುಷಿ.

ಧೈರ್ಯ ಸಾಲದವರು ಜೇಮ್ಸ್ ಅರ್ವಿನ್‌ನಿಂದ ಕ್ಲಿಂಟೋನಿಯಾ ಟ್ರೇಲ್‌ಗೆ ತಿರುಗಿ ಮೈನರ್ಸ್ ರಿಡ್ಜ್ ಸೇರಿಕೊಳ್ಳಿ, ಸುತ್ತು ಅರ್ಧದಷ್ಟಾಗುತ್ತದೆ. ಕಡಲೂ ಇಲ್ಲ, ಕ್ಯಾನ್ಯನ್ನೂ ಇಲ್ಲ. ನಕ್ಕಿದ್ದ ಗೆಳೆಯರಿಗೆ ಸದ್ಯಕ್ಕೆ ನಾನು ಹೇಳಿರುವುದು ಈ ದಾರಿಯನ್ನೇ.