ಅರ್ಜಿ ಹಾಕುವ ಮುಂಚೆ ಜಾಹೀರಾತನ್ನು ಎರಡು ಸಲ ಓದಿ

ಕೆಲಸ ಹುಡುಕುವವರು ಸಾಮಾನ್ಯವಾಗಿ ಮಾಡುವುದು ಇಷ್ಟು: ಒಂದು ರೆಸ್ಯೂಮೆ ಮಾಡಿಟ್ಟುಕೊಂಡು, ಕಣ್ಣಿಗೆ ಬಿದ್ದ ಕಡೆಗೆಲ್ಲ ಅದನ್ನೇ ಕಳಿಸುತ್ತಾ ಹೋಗುವುದು. ಒಂದು ಬಟನ್ ಒತ್ತಿದರೆ ಅರ್ಜಿ ಹೋಗುತ್ತದೆ ಅಂದಮೇಲೆ ಯಾರು ಬಿಡುತ್ತಾರೆ? ಆದರೆ ಆ ಬಟನ್ ನಿಮ್ಮೊಬ್ಬರಿಗೇ ಇಲ್ಲ, ಎಲ್ಲರಿಗೂ ಇದೆ. ಹಾಗಾಗಿ ಸುಲಭವಾಗಿ ಅಪ್ಲೈ ಮಾಡಬಹುದಾದ ಕೆಲಸಕ್ಕೇ ರಾಶಿ ಅರ್ಜಿ ಬಂದು ಬೀಳುತ್ತವೆ. ನನ್ನ ಪ್ರಕಾರ ದಿನಕ್ಕೆ ಇಪ್ಪತ್ತು ಕಡೆ ಕತ್ತಲಲ್ಲಿ ಕಲ್ಲು ಹೊಡೆಯುವುದಕ್ಕಿಂತ, ನಿಜವಾಗಿ ಹೊಂದುವ ಎರಡು ಮೂರು ಕಡೆ ಕೂತು ಸರಿಯಾಗಿ ಅರ್ಜಿ ಹಾಕುವುದು ಮೇಲು.

ಸರಿಯಾಗಿ ಅಂದರೆ ಏನು? ಮೊದಲು ಜಾಹೀರಾತನ್ನು ಓದಿ. ಸುಮ್ನೆ ಹುದ್ದೆಯ ಹೆಸರು, ಸಂಬಳ, ಊರು ನೋಡಿ ಬಿಡಬೇಡಿ, ಪೂರ್ತಿ ಓದಿ. ಎರಡನೇ ಸಲ ಓದುವಾಗ ಪೆನ್ನು ಹಿಡಿದುಕೊಳ್ಳಿ. ‘ಕಡ್ಡಾಯ’ ಅಂದಿರುವುದು ಯಾವುದು, ‘ಇದ್ದರೆ ಒಳ್ಳೆಯದು’ ಅಂದಿರುವುದು ಯಾವುದು ಅಂತ ಬೇರೆ ಮಾಡಿ. ಯಾವ ಮಾತು ಎರಡು ಮೂರು ಸಲ ಬಂದಿದೆ ನೋಡಿ, ಅವರ ತಲೆನೋವು ಬಹುತೇಕ ಅಲ್ಲೇ ಇರುತ್ತದೆ. ‘ಗಡುವಿನೊಳಗೆ ಕೆಲಸ ಮುಗಿಸುವವರು ಬೇಕು’ ಅಂತ ಮತ್ತೆ ಮತ್ತೆ ಬರೆದಿದ್ದರೆ ಅಲ್ಲಿ ಕೆಲಸ ತಡವಾಗುತ್ತಿರಬಹುದು. ಹಾಗಿದ್ದರೆ ನೀವು ಸಮಯಕ್ಕೆ ಮುಗಿಸಿಕೊಟ್ಟ ಕೆಲಸ ನಿಮ್ಮ ರೆಸ್ಯೂಮೆಯ ಮೇಲ್ಭಾಗದಲ್ಲೇ ಇರಬೇಕು, ಎರಡನೇ ಪುಟದ ಕೊನೆಯಲ್ಲಲ್ಲ.

ಪಟ್ಟಿಯಲ್ಲಿರುವುದೆಲ್ಲ ನಿಮ್ಮ ಹತ್ತಿರ ಇಲ್ಲ ಅಂತ ಹಿಂದೆ ಸರಿಯಬೇಡಿ. ಅದೆಲ್ಲ ಇರುವ ಮನುಷ್ಯ ಸಿಗುವುದು ಕಷ್ಟ ಅಂತ ಬರೆದವರಿಗೂ ಗೊತ್ತು. ಆದರೆ ಲೈಸೆನ್ಸ್ ಅಥವಾ ಇಂಥದ್ದೇ ಪದವಿ ಬೇಕು ಅಂತ ಕಾನೂನೇ ಹೇಳುವ ಕೆಲಸವಾದರೆ ಆಸೆ ಬಿಡಿ, ಮುಂದಿನದು ನೋಡಿ.

ಇನ್ನು ಬರೆಯುವ ವಿಷಯ. 1482ರ ಸುಮಾರಿಗೆ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ಆಡಳಿತಗಾರ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಒಂದು ಪತ್ರ ಸಿದ್ಧ ಮಾಡಿದ್ದ. ಅದರಲ್ಲಿ ಸಾಲಾಗಿ ಬರುವುದು ಸೇತುವೆ, ಫಿರಂಗಿ, ಕೋಟೆ ಮುರಿಯುವ ಉಪಾಯ, ಹೀಗೆ ಯುದ್ಧದ ಸಾಮಾನೇ. ಚಿತ್ರ ಬರೆಯಲು ಬರುತ್ತದೆ ಅನ್ನುವ ಮಾತು ಕೊನೆಯಲ್ಲಿ ಒಂದು ಸಾಲು! ಯುದ್ಧದ ಚಿಂತೆಯಲ್ಲಿರುವ ದೊರೆಗೆ ಬೇಕಾದದ್ದು ಏನು ಅಂತ ಅವನಿಗೆ ಗೊತ್ತಿತ್ತು. ನೀವೂ ಅಷ್ಟೇ, ನಿಮಗೆ ಹೆಮ್ಮೆ ಅನಿಸಿದ್ದು ಮೊದಲು ಅಲ್ಲ, ಅವರಿಗೆ ಬೇಕಾದದ್ದು ಮೊದಲು.

ಪ್ರತಿ ಸಲ ಹೊಸದಾಗಿ ರೆಸ್ಯೂಮೆ ಬರೆಯಬೇಕಾ? ಬೇಡ. ನೀವು ಮಾಡಿದ ಎಲ್ಲ ಕೆಲಸವನ್ನೂ ಸೇರಿಸಿ ಒಂದು ಉದ್ದದ ಫೈಲ್ ಇಟ್ಟುಕೊಳ್ಳಿ. ಅದನ್ನು ಯಾರಿಗೂ ಕಳಿಸಬೇಡಿ. ಒಂದೊಂದು ಅರ್ಜಿಗೂ ಅದರಿಂದ ಬೇಕಾದಷ್ಟು ಎತ್ತಿಕೊಂಡು, ಮೇಲಿನ ನಾಲ್ಕು ಸಾಲು ಬದಲಿಸಿ, ಕ್ರಮ ಹಿಂದೆಮುಂದೆ ಮಾಡಿದರೆ ಆಯ್ತು. ಮತ್ತೆ, ‘ಗ್ರಾಹಕರ ದೂರು ನೋಡಿಕೊಳ್ಳುತ್ತಿದ್ದೆ’ ಅಂತ ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. ‘ದಿನಕ್ಕೆ ಸುಮಾರು 40 ದೂರು ಬರುತ್ತಿದ್ದವು, ಪದೇ ಪದೇ ಬರುವ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟು, 2 ದಿನ ಹಿಡಿಯುತ್ತಿದ್ದ ಕೆಲಸವನ್ನು ಅರ್ಧ ದಿನಕ್ಕೆ ತಂದೆ’ ಅಂತ ಬರೆದರೆ ಕಣ್ಣು ಅಲ್ಲಿ ನಿಲ್ಲುತ್ತದೆ. ಲೆಕ್ಕ ಇಲ್ಲದಿದ್ದರೆ ಸುಳ್ಳು ಲೆಕ್ಕ ಹಾಕಬೇಡಿ. ಇಂಟರ್‌ವ್ಯೂನಲ್ಲಿ ಕೇಳುವ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಏನು ಬದಲಾಯಿತು ಅಂತ ಮಾತಿನಲ್ಲಿ ಹೇಳಿದರೂ ಸಾಕು. ಫ್ರೆಶರ್ ಆಗಿದ್ದರೆ ಕಾಲೇಜಿನ ಪ್ರಾಜೆಕ್ಟು, ನಡೆಸಿಕೊಟ್ಟ ಕಾರ್ಯಕ್ರಮ, ಪಾರ್ಟ್‌ಟೈಮ್ ಕೆಲಸ, ಇವನ್ನೂ ಹೀಗೇ ಬರೆಯಬಹುದು.

ಕಂಪನಿಗಳು ಬಳಸುವ ಎಟಿಎಸ್ (ಅಪ್ಲಿಕೆಂಟ್ ಟ್ರ್ಯಾಕಿಂಗ್ ಸಿಸ್ಟಂ) ಅನ್ನುವ ಸಾಫ್ಟ್‌ವೇರ್ ಬಗ್ಗೆ ಎಲ್ಲರಿಗೂ ಭಯ. ಭಯ ಬೇಡ, ಅದು ಮುಖ್ಯವಾಗಿ ಬಂದ ಅರ್ಜಿಗಳನ್ನು ಜೋಡಿಸಿಟ್ಟು ಹುಡುಕಲು ಅನುಕೂಲ ಮಾಡಿಕೊಡುವ ಸಾಧನ. ಅರ್ಜಿ ತುಂಬುವಾಗ ಬರುವ ಹೌದು–ಇಲ್ಲ ಪ್ರಶ್ನೆಗಳಲ್ಲಿ ಮಾತ್ರ ಎಚ್ಚರ ಇರಲಿ, ಅಲ್ಲಿ ಒಂದು ತಪ್ಪು ಉತ್ತರಕ್ಕೇ ಅರ್ಜಿ ತಾನಾಗಿ ಹೊರಗೆ ಹೋಗಬಹುದು. ಎರಡು ಕಾಲಂ, ಟೇಬಲ್, ಟೆಕ್ಸ್ಟ್ ಬಾಕ್ಸ್, ಚಿತ್ರದೊಳಗಿನ ಅಕ್ಷರ ಇವೆಲ್ಲ ಕೆಲವು ಸಾಫ್ಟ್‌ವೇರ್‌ಗಳಿಗೆ ಅರ್ಥವಾಗುವುದಿಲ್ಲ. ಒಂದು ಸಣ್ಣ ಪರೀಕ್ಷೆ ಮಾಡಿ: ಪಿಡಿಎಫ್‌ನಲ್ಲಿರುವುದನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ. ಅಲ್ಲಿ ಕಲಸುಮೇಲೋಗರ ಆದರೆ ಅವರ ಕಡೆಯೂ ಹಾಗೇ ಆಗುವ ಸಾಧ್ಯತೆ ಜಾಸ್ತಿ. ಜಾಹೀರಾತಿನಲ್ಲಿ ಬಳಸಿದ ಪದವನ್ನೇ ನೀವೂ ಬಳಸಿ, ಆದರೆ ನಿಮಗೆ ನಿಜವಾಗಿ ಬರುವುದಕ್ಕೆ ಮಾತ್ರ. ಬಿಳಿ ಅಕ್ಷರದಲ್ಲಿ ಪದಗಳನ್ನು ಬಚ್ಚಿಡುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ಸಾಫ್ಟ್‌ವೇರ್ ಬಣ್ಣ ತೆಗೆದು ತೋರಿಸಿದಾಗ ಅದೆಲ್ಲ ಎದ್ದು ಕಾಣುತ್ತದೆ, ಮರ್ಯಾದೆ ಹೋಗುತ್ತದೆ.

ಕವರ್ ಲೆಟರ್ ಕೇಳಿದ್ದರೆ ಅರ್ಧ ಪುಟ ಸಾಕು. ಅವರ ತೊಂದರೆ ಏನು ಅಂತ ನಿಮಗೆ ಅರ್ಥವಾಗಿದೆ, ಅಂಥದ್ದನ್ನು ನೀವು ಎಲ್ಲಿ ಬಗೆಹರಿಸಿದ್ದೀರಿ, ಇಷ್ಟೇ. ರೆಸ್ಯೂಮೆಯನ್ನೇ ವಾಕ್ಯ ಮಾಡಿ ಮತ್ತೆ ಬರೆಯಬೇಡಿ. ಫೈಲಿಗೆ ನಿಮ್ಮ ಹೆಸರು, ಹುದ್ದೆಯ ಹೆಸರು ಇಡಿ. ‘ಫೈನಲ್ ನ್ಯೂ 3’ ಅಂತ ಹೋಗುವ ಫೈಲುಗಳು ಎಷ್ಟಿವೆಯೋ!

ಒಳಗಿರುವವರು ಯಾರಾದರೂ ಗೊತ್ತಿದ್ದರೆ ಕೇಳಲು ಸಂಕೋಚ ಬೇಡ. ಆದರೆ ‘ಏನಾದ್ರೂ ಇದ್ರೆ ಹೇಳಿ’ ಅಂದರೆ ಪಾಪ ಅವರು ಏನು ಮಾಡಬೇಕು? ಇಂಥ ಹುದ್ದೆ, ಇದು ಲಿಂಕ್, ನನಗೆ ಇದು ಹೊಂದುತ್ತದೆ ಅನಿಸಿದ್ದು ಈ ಕಾರಣಕ್ಕೆ, ರೆಫರ್ ಮಾಡಲು ಸಾಧ್ಯವಾ ಅಂತ ಕೇಳಿ. ಅವರು ಹಾಗೇ ಫಾರ್ವರ್ಡ್ ಮಾಡಬಹುದಾದಷ್ಟು ಸಲೀಸಾಗಿರಲಿ. ರೆಫರಲ್ ಅಂದರೆ ಕೆಲಸ ಸಿಕ್ಕಂತೆ ಅಲ್ಲ, ನಿಮ್ಮ ಅರ್ಜಿಯನ್ನು ಒಬ್ಬರು ತೆರೆದು ನೋಡುವ ಸಾಧ್ಯತೆ ಹೆಚ್ಚುತ್ತದೆ ಅಷ್ಟೇ.

ಕಳಿಸಿದ ದಿನವೇ ಜಾಹೀರಾತಿನ ಒಂದು ಪ್ರತಿ ಉಳಿಸಿಟ್ಟುಕೊಳ್ಳಿ. ಇಂಟರ್‌ವ್ಯೂಗೆ ಕರೆಯುವ ಹೊತ್ತಿಗೆ ಆ ಪುಟ ಮಾಯವಾಗಿರುತ್ತದೆ, ನೀವೇನು ಬರೆದಿದ್ದಿರಿ ಅಂತ ನಿಮಗೇ ನೆನಪಿರುವುದಿಲ್ಲ. ಯಾವ ದಿನ, ಯಾವ ಹುದ್ದೆ, ಯಾವ ರೆಸ್ಯೂಮೆ, ಯಾರು ಮಾತಾಡಿದರು ಅಂತ ಒಂದು ಶೀಟ್ ಇರಲಿ. ಒಂದು ವಾರ ಹತ್ತು ದಿನ ಉತ್ತರ ಬರದಿದ್ದರೆ ಎರಡು ಸಾಲಿನ ಮೇಲ್ ಹಾಕಿ, ಒಂದೇ ಸಲ. ದಿನಾ ಫೋನ್ ಮಾಡಿದರೆ ಆಸಕ್ತಿ ಅನಿಸುವುದಿಲ್ಲ, ಕಾಟ ಅನಿಸುತ್ತದೆ.

ದುಡ್ಡು ಕೇಳಿದರೆ ಅಲ್ಲೇ ನಿಲ್ಲಿಸಿ. ರಿಜಿಸ್ಟ್ರೇಷನ್, ಟ್ರೇನಿಂಗ್, ಲ್ಯಾಪ್‌ಟಾಪ್ ಡೆಪಾಸಿಟ್, ಹೆಸರು ಏನೇ ಇರಲಿ. ಅನುಮಾನ ಬಂದರೆ ಆ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಆ ಹುದ್ದೆ ಇದೆಯಾ, ಮೇಲ್ ಬಂದದ್ದು ಅವರ ವಿಳಾಸದಿಂದಲೇನಾ ಅಂತ ನೋಡಿ.

ತಿಂಗಳಿಗೊಮ್ಮೆ ಆ ಶೀಟ್ ತೆರೆದು ಕೂತುಕೊಳ್ಳಿ. ಎಲ್ಲಿಂದಲೂ ಕರೆಯೇ ಬಂದಿಲ್ಲ ಅಂದರೆ ರೆಸ್ಯೂಮೆ ಸರಿ ಇಲ್ಲ, ಇಲ್ಲವೇ ನೀವು ಹೊಂದದ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೀರಿ. ಫೋನಿನಲ್ಲಿ ಮಾತಾಡಿದ ಮೇಲೆ ನಿಲ್ಲುತ್ತಿದೆ ಅಂದರೆ ಸಂಬಳದ ನಿರೀಕ್ಷೆಯೋ ನೋಟಿಸ್ ಪೀರಿಯಡ್ಡೋ ಅಡ್ಡ ಬರುತ್ತಿರಬಹುದು. ಕೊನೆಯ ಸುತ್ತಿನವರೆಗೆ ಹೋಗಿ ಕೈತಪ್ಪುತ್ತಿದ್ದರೆ ರೆಸ್ಯೂಮೆಯನ್ನು ಮುಟ್ಟಬೇಡಿ, ಅದರ ಕೆಲಸ ಅದು ಮಾಡಿದೆ. ಆ ಸಮಯವನ್ನು ಇಂಟರ್‌ವ್ಯೂ ತಯಾರಿಗೆ ಹಾಕಿ.