ಎರಡು ಹೆಡ್‌ಫೋನು, ಒಂದು ಬೂದುಗುಂಬಳ: ಮನೆ ರೆಕಾರ್ಡಿಂಗಿನ ನನ್ನ ಅನುಭವ

ಹೋದ ತಿಂಗಳು ಎಂಟು ದಾಸರ ಪದಗಳ ರೆಕಾರ್ಡಿಂಗ್ ಮುಗಿಸಿದೆ. ಧಾರವಾಡದ ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ. ಹತ್ತಡಿಗೆ ಹನ್ನೊಂದಡಿ ಕೋಣೆ, ಎರಡು ಗೋಡೆಗೆ ಅಜ್ಜಿ ಹೊಲಿದ ಕೌದಿ ತೂಗುಹಾಕಿದ್ದೇನೆ. ಹಾಡಿದವರು ಎಪ್ಪತ್ತರ ಹತ್ತಿರದ ಒಬ್ಬ ಗಾಯಕಿ, ನಾನು ಬಾಯಾರು ಅಂತ ಕರೆಯುವವರು. ಹುಬ್ಬಳ್ಳಿಯಲ್ಲಿ ಸ್ಟುಡಿಯೋ ಇಟ್ಟಿರುವ ನನ್ನ ಗೆಳೆಯನಿಗೆ ಬರೀ ಧ್ವನಿಯ ಟ್ರ್ಯಾಕ್ ಕಳಿಸಿದೆ. ಹಾಡುವವರ ಹೆಡ್‌ಫೋನಿನಿಂದ ತಬಲಾ, ತಂಬೂರಿಯ ಸದ್ದು ಮೈಕಿಗೆ ಸೋರಿದರೆ ಅದಕ್ಕೆ ಲೀಕ್ ಅನ್ನುತ್ತಾರೆ. ಅವನು ಎರಡು ಸಲ ಕೇಳಿ ಫೋನ್ ಮಾಡಿದ. "ಲೀಕ್ ಎಲ್ಲೈತಲೇ? ನನಗ ಕೇಳವಲ್ದು."

ಒಂದೂವರೆ ವರ್ಷದ ಹಿಂದೆ ಇದೇ ಗೆಳೆಯ, "ಐದ್ ಸಾವಿರದ ಹೆಡ್‌ಫೋನ್ ಹಾಕಿ ಕಂಡೆನ್ಸರ್ ಮುಂದ ಹಾಡಸ್ತೀಯಾ? ಆಗೂದಿಲ್ಲ ಬಿಡು" ಅಂದಿದ್ದ. ಕಂಡೆನ್ಸರ್ ಅಂದರೆ ಸಣ್ಣ ಸದ್ದನ್ನೂ ಹಿಡಿಯುವ ಮೈಕ್. ಅವನ ಆ ಮಾತಿಗಾಗೇ ಇದನ್ನು ಬರೆಯುತ್ತಿದ್ದೇನೆ. ಆಗುತ್ತೆ. ನಾನು ಮಾಡಿ ತೋರಿಸಿದ್ದೇನೆ.

ಮೊದಲು ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಹೇಳಿಬಿಡ್ತೀನಿ.

ಶುರುವಿನಲ್ಲಿ ನಾನು ಕೊಂಡದ್ದು ಸೆಮಿ ಓಪನ್, ಅಂದರೆ ಕಪ್ಪಿನ ಹಿಂಬದಿ ಅರ್ಧ ತೆರೆದಿರುವ ಹೆಡ್‌ಫೋನ್. ಮೂರು ಸಾವಿರದ ಚಿಲ್ಲರೆ. ಹಗುರ, ಕಿವಿಗೆ ಹಿತ, ದನಿಯೂ ಬಿಡಿಬಿಡಿಯಾಗಿ ಕೇಳ್ತಿತ್ತು. ಮಿಕ್ಸ್ ಮಾಡಲು ಕೂತಾಗ ಬಹಳ ಖುಷಿಯಾಗಿತ್ತು. ಹಾಡುವವರ ಕಿವಿಗೆ ಹಾಕಿದ ದಿನ ಎಲ್ಲ ಗೊತ್ತಾಯಿತು. ಎರಡು ಸಾಲುಗಳ ನಡುವೆ ಅವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ತಬಲಾದ ನಾ, ಧಿನ್ ಎಲ್ಲವೂ ಎಣಿಸುವಷ್ಟು ಚೆನ್ನಾಗಿ ಮೈಕಿಗೆ ಬಿದ್ದಿದ್ದವು.

ಆಮೇಲೆ ಒಂದು ಅಂಗಡಿಯಲ್ಲಿ ಹೆಸರುವಾಸಿ ಮಾಡೆಲ್ ಅರ್ಧ ಬೆಲೆಗೆ ಸಿಕ್ತು ಅಂತ ತಂದೆ. 4,800 ಕೊಟ್ಟ ನೆನಪು. ಮನೆಗೆ ಬಂದು ಕೈಯಲ್ಲಿ ಹಿಡಿದಾಗಲೇ ಅನುಮಾನ. ತೂಕವೇ ಇಲ್ಲ, ಪ್ಯಾಡಿನ ಹೊಲಿಗೆ ಅಂಕುಡೊಂಕು, ಡಬ್ಬಿಯ ಮೇಲಿನ ಅಕ್ಷರ ಮಸುಕು. ನಕಲಿ ಮಾಲು. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಎರಡೂ ಸೇರಿ ಎಂಟು ಸಾವಿರ ಹೋಯಿತು. ಆ ದುಡ್ಡಿಗೆ ಒಂದು ಒಳ್ಳೆ ಕ್ಲೋಸ್ಡ್ ಬ್ಯಾಕ್ (ಹಿಂಬದಿ ಪೂರ್ತಿ ಮುಚ್ಚಿದ ಹೆಡ್‌ಫೋನ್) ಬಂದು ಇನ್ನೂ ಉಳೀತಿತ್ತು ಅಂತ ಈಗಲೂ ಹೊಟ್ಟೆ ಉರಿಯುತ್ತೆ.

ಲೀಕ್ ಆದರೆ ಏನಾಯ್ತು, ತಂಬೂರಿ ಹೇಗೂ ಹಾಡಿನಲ್ಲಿ ಇದ್ದೇ ಇರುತ್ತಲ್ವಾ ಅಂತ ಕೇಳುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಎರಡು ಟೇಕ್ ಕತ್ತರಿಸಿ ಜೋಡಿಸಿದ ಕಡೆ ಸೋರಿದ ತಂಬೂರಿಯ ಮೀಟು ಅರ್ಧಕ್ಕೆ ತುಂಡಾಗುತ್ತೆ. ಎಲ್ಲೋ ಒಂದು ಸ್ವರ ಸರಿಪಡಿಸಲು ಹೋದರೆ ಅದರ ಜೊತೆ ತಂಬೂರಿಯೂ ಜಗ್ಗುತ್ತೆ. ಕಂಪ್ರೆಸರ್ (ದನಿಯ ಜೋರು, ಮೆಲುವಿನ ಅಂತರ ತಗ್ಗಿಸುವ ಸಾಧನ) ಹಾಕಿ ಎಂಟು ಹತ್ತು ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಮೇಲಕ್ಕೆತ್ತಿದಿರೋ, ಹಾಡದೇ ಇರುವ ಜಾಗದ ಸೋರಿಕೆಯೂ ಅಷ್ಟೇ ಎತ್ತರಕ್ಕೆ ಬರುತ್ತೆ. ದಾಸರ ಪದದಲ್ಲಿ ನಡುನಡುವೆ ಬೇಕಾದಷ್ಟು ಖಾಲಿ ಜಾಗ. ಎಲ್ಲ ಅಲ್ಲೇ ಸಿಕ್ಕಿಬೀಳುತ್ತೆ.

ನಕಲಿ ಮಾಲಿನ ಪಾಠ ಆದಮೇಲೆ, ಯಾರ ಮಾತನ್ನೂ ನಂಬದೆ ನಾನೇ ಅಳೆಯಬೇಕು ಅಂತ ಹೊರಟೆ. ಅಳೆಯಲು ಒಂದು ತಲೆ ಬೇಕು. ಮನೆಯವರನ್ನು ಗಂಟೆಗಟ್ಟಲೆ ಮೈಕ್ ಮುಂದೆ ಕೂರಿಸಲು ಆಗಲ್ಲ. ದಿಂಬಿಗೆ ಹಾಕಿ ನೋಡಿದೆ, ಮೆತ್ತಗಾಯಿತು. ಸಿಹಿಗುಂಬಳಕ್ಕೆ ಹಾಕಿದೆ, ಅದರ ಮೈಮೇಲಿನ ಗೆರೆಗಳಲ್ಲಿ ಸಂದಿ ಬಿಟ್ಟು ಎಲ್ಲ ಹೆಡ್‌ಫೋನೂ ಸೋರಿದವು. ಕೊನೆಗೆ ಸೂಪರ್ ಮಾರ್ಕೆಟ್ಟಿನ ಕಾಯಿಪಲ್ಲೆ ಸಾಲಿನಲ್ಲಿ ತಲೆಯಷ್ಟೇ ಅಗಲದ ಒಂದು ಬೂದುಗುಂಬಳ ಸಿಕ್ಕಿತು. ನುಣುಪು, ಗಟ್ಟಿ. ಬೂದಿ ಒರೆಸಿ ಇಡಬೇಕು, ಇಲ್ಲದಿದ್ದರೆ ಪ್ಯಾಡೆಲ್ಲ ಬಿಳಿ. ಕೆಳಗೆ ಸಿಂಬಿ ಇಟ್ಟು ಸ್ಟೂಲ್ ಮೇಲೆ ಕೂರಿಸಿದರೆ ಅಲುಗಾಡಲ್ಲ. ಹದಿನೈದು ದಿನ ಕೆಲಸ ಮಾಡಿ ಕೊನೆಗೆ ಅದು ಪಳದ್ಯ ಆಯಿತು.

ಗೇನ್, ಅಂದರೆ ಮೈಕಿನ ದನಿಯನ್ನು ಹಿಗ್ಗಿಸುವ ಮಟ್ಟ, ಹಾಡುವಾಗ ಎಷ್ಟಿರುತ್ತೋ ಅಷ್ಟೇ ಇಟ್ಟೆ. ಮೈಕ್ ಆಡಿಯೋ ಟೆಕ್ನಿಕಾ ಎಟಿ2020, ಕುಂಬಳದಿಂದ ಒಂದು ಗೇಣು ದೂರ. ಹೆಡ್‌ಫೋನಿನಲ್ಲಿ ಮಧ್ಯಲಯದ ದಾದ್ರಾ ಠೇಕಾ (ತಬಲಾದ ಆರು ಮಾತ್ರೆಯ ತಾಳ), ಕಪ್ಪು ನಾಲ್ಕರ (ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯ ಶ್ರುತಿ) ತಂಬೂರಿ. ಒಂದು ನಿಮಿಷ ರೆಕಾರ್ಡ್ ಮಾಡಿ ಮೀಟರ್ ಎಲ್ಲಿಗೆ ಹಾರಿತು ಅಂತ ನೋಡುವುದು. ಇಲ್ಲಿ ಜಾಸ್ತಿ ಜನ ತಪ್ಪುವುದು ವಾಲ್ಯೂಮಿನಲ್ಲಿ. ಒಂದೊಂದು ಹೆಡ್‌ಫೋನಿನ ಓಮ್ (ವಿದ್ಯುತ್ತಿಗೆ ಒಡ್ಡುವ ತಡೆ) ಬೇರೆ, ಸೆನ್ಸಿಟಿವಿಟಿ (ಅಷ್ಟೇ ವಿದ್ಯುತ್ತಿಗೆ ಎಷ್ಟು ಜೋರು ಅನ್ನುವುದು) ಬೇರೆ. ನಾಬ್ ಒಂದೇ ಕಡೆ ಇಟ್ಟು ಹೋಲಿಸಿದರೆ ಕಡಿಮೆ ಕೂಗುವುದೇ ಗೆಲ್ಲುತ್ತೆ. ನಾನು ದಪ್ಪ ರಟ್ಟಿನಲ್ಲಿ ಬೆರಳು ತೂರುವಷ್ಟು ತೂತು ಮಾಡಿ, ಒಂದು ಕಡೆ ಕಪ್ ಒತ್ತಿ, ಇನ್ನೊಂದು ಕಡೆ ಫೋನಿನ ಮೈಕ್ ಇಟ್ಟು, ಸದ್ದು ಅಳೆಯುವ ಆ್ಯಪಿನಲ್ಲಿ ಎಲ್ಲವನ್ನೂ 85 ಡಿಬಿಯ ಹತ್ತಿರಕ್ಕೆ ತಂದೆ. ಆ್ಯಪಿನ ಲೆಕ್ಕ ಪಕ್ಕಾ ಇರಲ್ಲ, ಗೊತ್ತು. ಆದರೆ ಎಲ್ಲಕ್ಕೂ ಅದೇ ಆ್ಯಪ್, ಅದೇ ರಟ್ಟು. ಹೋಲಿಸಲು ಅಷ್ಟು ಸಾಕು.

ನೆನಪಿನಿಂದ ಹೇಳ್ತೀನಿ. ಮೀಟರಿನಲ್ಲಿ ಸೊನ್ನೆ ಅಂದರೆ ಅತಿ ಜೋರು, ಮೈನಸ್ ಅಂಕಿ ದೊಡ್ಡದಾದಷ್ಟೂ ಸದ್ದು ಕಡಿಮೆ. ರಾತ್ರಿ ಹನ್ನೊಂದರ ಮೇಲೆ ಫ್ಯಾನ್ ಆರಿಸಿದಾಗ ಕೋಣೆಯ ಸದ್ದೇ ಮೈನಸ್ 66ರ ಆಸುಪಾಸು. ಸೆಮಿ ಓಪನ್ನಿನ ಸೋರಿಕೆ ಮೈನಸ್ 40. ನಕಲಿ ಮಾಲು ಮೈನಸ್ 47. ಆಡಿಯೋ ಟೆಕ್ನಿಕಾ ಎಂ20ಎಕ್ಸ್ ಮೈನಸ್ 58. ಸೆನ್‌ಹೈಸರ್ ಎಚ್‌ಡಿ 280 ಪ್ರೊ ಮೈನಸ್ 63ರ ಹತ್ತಿರ, ಅಂದರೆ ಕೋಣೆಯ ಸದ್ದಿನಲ್ಲೇ ಹೆಚ್ಚುಕಡಿಮೆ ಮುಳುಗಿತು. ಗೆಳೆಯನ ಸ್ಟುಡಿಯೋದಿಂದ ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ, 80 ಓಮಿನದು, ಎರಡು ದಿನಕ್ಕೆ ತಂದಿದ್ದೆ. ಎಂ20ಎಕ್ಸ್‌ಗೂ ಅದಕ್ಕೂ ಸೋರಿಕೆಯಲ್ಲಿ ಎರಡು ಮೂರು ಡಿಬಿ ಆಚೀಚೆ, ಅಷ್ಟೇ. ಹಿತದ ಮಾತು ಬೇರೆ. ಅದರ ವೆಲ್ವೆಟ್ಟಿನಂಥ ಪ್ಯಾಡ್ ಹಾಕಿಕೊಂಡು ಮಧ್ಯಾಹ್ನವೆಲ್ಲ ಕೂರಬಹುದು. ಆದರೆ ಬೆಲೆ ಮೂರು ಪಟ್ಟು.

ಇಷ್ಟು ನೋಡಿ ಎರಡು ಎಂ20ಎಕ್ಸ್ ಕೊಂಡೆ. ಎರಡೂ ಸೇರಿ ಒಂಬತ್ತೂವರೆ ಸಾವಿರ ಇರಬೇಕು. 40 ಮಿಲಿಮೀಟರ್ ಡ್ರೈವರ್, 47 ಓಮ್. ಮೈಕು, ಹೆಡ್‌ಫೋನನ್ನು ಕಂಪ್ಯೂಟರಿಗೆ ಜೋಡಿಸುವ ಚಿಕ್ಕ ಇಂಟರ್‌ಫೇಸ್ ಕೂಡ ಆರಾಮಾಗಿ ಕೂಗಿಸುತ್ತೆ. ಡಿಟಿ 770ರ 250 ಓಮ್ ಮಾಡೆಲಿಗೆ ಹಾಗಲ್ಲ, ನಾಬನ್ನು ಕೊನೆತನಕ ತಿರುಗಿಸಬೇಕಾಗುತ್ತೆ. ಎರಡೂ ಒಂದೇ ಮಾಡೆಲ್ ಇದ್ದರೆ ಒಂದೇ ಔಟ್‌ಪುಟ್ಟಿನಿಂದ ಕವಲು ಮಾಡಿಕೊಂಡರೂ ಇಬ್ಬರಿಗೂ ಸಮ ಕೇಳುತ್ತೆ, ಗಾಯಕರು ಏನು ಕೇಳುತ್ತಿದ್ದಾರೋ ಅದೇ ನನಗೂ ಕೇಳುತ್ತೆ. ಮಿಕ್ಸಿಗೆ ಮಾತ್ರ ಹಳೇ ಸೋನಿ ಎಂಡಿಆರ್ 7506 ಇದೆ. 1991ರಿಂದ ಬರುತ್ತಿರುವ ಮಾಡೆಲ್, ನನ್ನ ಕಿವಿ ಅದಕ್ಕೆ ಒಗ್ಗಿಹೋಗಿದೆ. ಅದರ ಸುರುಳಿ ವೈರನ್ನು ಮಾತ್ರ ಹಾಡುವವರ ಹತ್ತಿರ ಬಿಡಲ್ಲ. ತಲೆ ತಿರುಗಿಸಿದಾಗ ಅದು ಎಳೆದು ಸ್ಟ್ಯಾಂಡಿಗೆ ತಾಗುತ್ತೆ. ಎಂ20ಎಕ್ಸಿನ ಮೂರು ಮೀಟರ್ ನೇರ ವೈರ್ ಎಡಗಪ್ಪಿನಿಂದ ಮಾತ್ರ ಬರುವುದರಿಂದ ಬೆನ್ನ ಹಿಂದೆ ಬಿಟ್ಟರೆ ಮುಗೀತು.

ಹೆಡ್‌ಫೋನ್ ಬಂತು, ಕುಂಬಳದ ಮೇಲೆ ಚೆನ್ನಾಗಿ ಬಂತು. ಬಾಯಾರು ಹಾಡಲು ಕೂತ ಮೊದಲ ದಿನ ಮೀಟರ್ ಮೈನಸ್ 46ಕ್ಕೆ ಹಾರಿತು. ಹನ್ನೆರಡು ಡಿಬಿ ಎಲ್ಲಿ ಹೋಯಿತು?

ಹತ್ತಿರ ಹೋಗಿ ನೋಡಿದೆ. ದಪ್ಪ ಫ್ರೇಮಿನ ಕನ್ನಡಕ. ಅದರ ಕಡ್ಡಿ ಕಿವಿಯ ಮೇಲಿಂದ ಹಾದುಹೋಗುವ ಕಡೆ ಪ್ಯಾಡು ಎದ್ದು ಒಂದು ಸಂದಿ. ನನ್ನ ಕಿರುಬೆರಳಿನ ಉಗುರು ಹೋಗುವಷ್ಟು. ಕೆಳಗೆ ಜುಮುಕಿ. ಅದು ಪ್ಯಾಡನ್ನು ಕೆಳಗಿನಿಂದ ಎತ್ತಿ ಹಿಡಿದಿತ್ತು, ಜೊತೆಗೆ ತಾನಕ್ಕೆ ತಲೆ ಆಡಿದಾಗೆಲ್ಲ ಕಿಣಿಕಿಣಿ. ಹಿಂದೆ ತುರುಬು, ಅದಕ್ಕೆ ಮಲ್ಲಿಗೆ ಮಾಲೆ. ಪಟ್ಟಿ ಹಿಂದಕ್ಕೆ ಸರಿಯಲಾಗದೆ ಕಪ್ಪುಗಳು ಮುಂದಕ್ಕೆ ವಾಲಿದ್ದವು. ಹದಿನೈದು ಸಾವಿರದ ಹೆಡ್‌ಫೋನ್ ಹಾಕಿದ್ದರೂ ಈ ಸಂದಿ ಹೀಗೇ ಇರುತ್ತಿತ್ತು, ಅಲ್ವಾ?

ಜುಮುಕಿ ಬಿಚ್ಚಿ ಅಂತ ಹಿರಿಯರಿಗೆ ಹೇಳಲು ನನಗೆ ಸಂಕೋಚ. ಹೆಂಡತಿಯ ಕೈಲಿ ಹೇಳಿಸಿದೆ. ಅವರು ನಗುತ್ತಲೇ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ತುರುಬನ್ನು ಸ್ವಲ್ಪ ಕೆಳಗೆ ಕಟ್ಟಿದರು. ಕನ್ನಡಕ ಮಾತ್ರ ತೆಗೆಯುವ ಹಾಗಿಲ್ಲ, ಸಾಹಿತ್ಯ ಕಾಣಬೇಕಲ್ಲ. ಅದಕ್ಕೆ ಮಾರನೇ ದಿನ ಪದಗಳನ್ನೆಲ್ಲ ದಪ್ಪ ಅಕ್ಷರದಲ್ಲಿ, ಒಂದು ಹಾಳೆಗೆ ಆರೇ ಸಾಲು ಬರುವ ಹಾಗೆ ಪ್ರಿಂಟ್ ತೆಗೆಸಿದೆ. ನಲವತ್ತು ರೂಪಾಯಿ ಆಯಿತು. ಮ್ಯೂಸಿಕ್ ಸ್ಟ್ಯಾಂಡನ್ನು ಎರಡಡಿ ದೂರ ಇಟ್ಟೆ. ಕನ್ನಡಕ ಬೇಕಾಗಲಿಲ್ಲ. ಮೀಟರ್ ಮೈನಸ್ 56. ನಲವತ್ತು ರೂಪಾಯಿಗೆ ಸಿಕ್ಕ ಆ ಹತ್ತು ಡಿಬಿ ನನಗೆ ಯಾವ ಅಂಗಡಿಯಲ್ಲೂ ಸಿಕ್ಕಿರಲಿಲ್ಲ.

ಇನ್ನೊಂದು ತೊಂದರೆ ಉಳಿದಿತ್ತು, ಅದು ಸಂಗೀತದ್ದು. ಎರಡೂ ಕಿವಿ ಮುಚ್ಚಿದ ಮೇಲೆ ಎರಡು ಆವರ್ತನ ಹಾಡಿ ನಿಲ್ಲಿಸಿಬಿಟ್ಟರು. "ತಮ್ಮಾ, ನನ್ನ ದನಿ ನನಗ ಕೊಡದಾಗಿಂದ ಬಂದಂಗ ಕೇಳ್ತದ." ಕಿವಿ ಮುಚ್ಚಿ ಹಾಡಿದರೆ ತಲೆಬುರುಡೆಯೊಳಗಿನ ಗುಂಯ್ ಜಾಸ್ತಿಯಾಗುತ್ತೆ. ಆ ಗುಂಯ್ ಮೀರಿಸಲು ವಾಲ್ಯೂಮ್ ಕೇಳುತ್ತಾರೆ, ಕೊಟ್ಟರೆ ಸ್ವರ ಕೆಳಗೆ ಜಾರುತ್ತೆ, ಸೋರಿಕೆಯೂ ಏರುತ್ತೆ. ಕೊನೆಗೆ ಕೈ ತಾನಾಗೇ ಒಂದು ಕಪ್ ಎತ್ತುತ್ತೆ. ಎತ್ತಿದ ಕಪ್ಪಿನಿಂದ ತಬಲಾ ನೇರ ಮೈಕಿಗೆ.

ಎತ್ತಬೇಡಿ ಅನ್ನುವುದಕ್ಕಿಂತ ಎತ್ತಿಯೇ ಬಿಡಲಿ ಅಂತ ತೀರ್ಮಾನಿಸಿದೆ. ಟ್ರ್ಯಾಕ್ ಪೂರ್ತಿ ಎಡಗಿವಿಗೆ ಹಾಕಿ ಬಲಗಪ್ ಮೌನ ಮಾಡಿದೆ. ಬಲಗಪ್ಪನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡು ಕೂತರು. ಒಂದು ಕಿವಿಯಲ್ಲಿ ತಂಬೂರಿ, ಇನ್ನೊಂದರಲ್ಲಿ ಕೋಣೆಯಲ್ಲಿ ಹರಡುವ ಅವರದೇ ದನಿ. ಅವತ್ತು ಮೂರು ಪದ ಒಂದೇ ಬೈಠಕ್ಕಿನಲ್ಲಿ ಆದವು. ಅವರ ದನಿಯನ್ನು ಹೆಡ್‌ಫೋನಿಗೆ ಕಳಿಸುವಾಗ ಸ್ವಲ್ಪ ರಿವರ್ಬ್ (ಅನುರಣನ) ಸೇರಿಸಿದರೆ ವಾಲ್ಯೂಮ್ ಕೇಳುವುದು ಇನ್ನೂ ಕಡಿಮೆ. ಯಾವ ರಿವರ್ಬ್, ಎಷ್ಟು ಹೊತ್ತಿನದು ಅನ್ನುವುದು ನನ್ನ ಹತ್ತಿರವೇ ಇರಲಿ, ಅದಕ್ಕೆ ನಾಲ್ಕು ತಿಂಗಳು ಹಿಡಿದಿದೆ. ಎರಡೂ ಕಿವಿ ಮುಚ್ಚಿಯೇ ಹಾಡುವವರಿಗೆ ಹೆಡ್‌ಫೋನಿಗೆ ಹೋಗುವ ದನಿಯ ಪೋಲಾರಿಟಿ ತಿರುಗಿಸಿ, ಅಂದರೆ ಅದರ ಅಲೆಯನ್ನು ತಲೆಕೆಳಗು ಮಾಡಿ, ನೋಡಿ. ಕೆಲವರಿಗೆ ಏನೂ ಅನ್ನಿಸಲ್ಲ. ಕೆಲವರಿಗೆ ಕೊಡದ ದನಿ ಹೋಗಿ ಗಂಟಲಿನ ದನಿ ಬರುತ್ತೆ.

ಬೇಸಿಗೆಯಲ್ಲಿ ಒಂದು ಪ್ರಯೋಗ ಕೆಟ್ಟಿತು. ಫ್ಯಾನ್ ಆರಿಸಿ ಅರ್ಧ ಗಂಟೆ ಹಾಡಿದರೆ ಪ್ಯಾಡಿನ ಕೆಳಗೆ ಬೆವರು ಇಳಿಯುತ್ತೆ. ಹಳೇ ಧೋತರ ಕೊಟ್ಟು ದರ್ಜಿಯ ಹತ್ತಿರ ಹತ್ತಿಬಟ್ಟೆಯ ಗವಸು ಹೊಲಿಸಿದೆ, ನಾಲ್ಕು ಜೊತೆಗೆ ನಾನೂರು ರೂಪಾಯಿ. ಮುಟ್ಟಲು ತಣ್ಣಗೆ, ಒಗೆಯಲೂ ಸುಲಭ. ಆದರೆ ನೇಯ್ಗೆಯ ಸಂದಿಯಿಂದ ಸೋರಿಕೆ ಆರು ಡಿಬಿ ಏರಿತು, ಕೆಳಗಿನ ಸ್ವರಗಳೂ ತೆಳ್ಳಗಾದವು. ಈಗ ಗವಸು ಅಭ್ಯಾಸದ ಹೊತ್ತಿಗೆ ಮಾತ್ರ. ಟೇಕಿಗೆ ಬರೀ ಪ್ಯಾಡು, ಹತ್ತು ನಿಮಿಷಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸುವುದು. ಕೃತಕ ಚರ್ಮದ ಪ್ಯಾಡ್ ಸಾಮಾನ್ಯವಾಗಿ ಕೆಲವು ವರ್ಷದಲ್ಲಿ ಸುಲಿಯುತ್ತೆ. ಸುಲಿದ ಪ್ಯಾಡ್ ಸೋರುತ್ತೆ. ಅದಕ್ಕೆ ಒಂದು ಜೊತೆ ಮೊದಲೇ ತಂದಿಟ್ಟಿದ್ದೇನೆ, ಏಳುನೂರು ಕೊಟ್ಟೆ ಅನ್ನಿಸುತ್ತೆ. ಹೊಸದನ್ನು ಹಾಕುವಾಗ ಕಪ್ಪಿನೊಳಗೆ ನಾನು ಒಂದು ಪದರ ಸೇರಿಸುತ್ತೇನೆ. ಅದು ಏನು ಅಂತ ಕೇಳಬೇಡಿ. ಎರಡು ಡಿಬಿ ಅದರದ್ದು.

ತಬಲಾದವರು ಬಂದಾಗ ಮಾತ್ರ ಎಚ್‌ಡಿ 280 ಪ್ರೊ ತೆಗೆಯುತ್ತೇನೆ. ಸೆಕೆಂಡ್‌ಹ್ಯಾಂಡ್, ಐದು ಸಾವಿರಕ್ಕೆ ಸಿಕ್ಕಿತು. ಹೊರಗಿನ ಸದ್ದನ್ನು 32 ಡಿಬಿವರೆಗೆ ತಡೆಯುತ್ತೆ ಅಂತ ಕಂಪನಿಯವರೇ ಬರೆದಿದ್ದಾರೆ. ಹಿಡಿತ ಬಿಗಿ, ತಡೆಯುವುದು ಆ ಬಿಗಿಯಿಂದಲೇ. ತಮ್ಮದೇ ಡಗ್ಗಾ (ತಬಲಾ ಜೋಡಿಯ ದಪ್ಪ ದನಿಯ ವಾದ್ಯ) ಮೊಣಕಾಲ ಹತ್ತಿರವೇ ಗುಡುಗುತ್ತಿರುವಾಗ ಹಾಡು ಕೇಳಬೇಕಾದರೆ ಅಂಥದ್ದೇ ಬೇಕು.

ಹೋದ ಭಾನುವಾರ ಬಾಯಾರು ಮತ್ತೆ ಬಂದಿದ್ದರು, ಎರಡು ವಚನ ಹಾಡಲು. ಜುಮುಕಿ ಮನೆಯಲ್ಲೇ ಬಿಟ್ಟು ಬಂದಿದ್ದರು. ನಾನು ಮೈಕ್ ಸರಿಮಾಡುವಷ್ಟರಲ್ಲಿ ಕನ್ನಡಕ ಮಡಚಿ ಡಬ್ಬಿಯೊಳಗಿಟ್ಟು, ಹೆಡ್‌ಫೋನ್ ಕೈಗೆ ತಗೊಂಡು ಕೇಳಿದರು: "ಇವತ್ತ ಯಾವ ಕಿವಿ, ತಮ್ಮಾ?"