ತೂತು ಕಂಡರೆ ಸಾಲದು, ಮುಚ್ಚುವವರು ಸಿಗಬೇಕು

ಹಗಲು ಒಂದು ಕಂಪನಿಯ ರೂಟರ್‌ಗಳನ್ನು ನೋಡಿಕೊಳ್ಳುತ್ತೇನೆ. ಅದಕ್ಕೆ ಸಂಬಳ ಬರುತ್ತದೆ. ಕೆಲಸ ಮುಗಿದ ಮೇಲೆ ಬೇರೆಯವರ ರೂಟರ್‌ಗಳ ಬಗ್ಗೆ ತಲೆ ಕೆಡಿಸಿಕೊಳ್ಳುತ್ತೇನೆ. ಅದಕ್ಕೆ ಯಾರೂ ಏನೂ ಕೊಡುವುದಿಲ್ಲ. ನನ್ನ ಹಾಗೆಯೇ ಬೇರೆ ಬೇರೆ ದೇಶಗಳಲ್ಲಿ ನೆಟ್‌ವರ್ಕ್ ನಡೆಸುವ ಕೆಲವರು ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಎಲ್ಲಿ ತಪ್ಪು ರೂಟ್ (ಡೇಟಾ ಹೋಗಬೇಕಾದ ದಾರಿ) ಹೊರಬಿದ್ದಿದೆ, ಸೈಟಿನ ಹೆಸರಿಗೆ ವಿಳಾಸ ಹೇಳುವ ಯಾವ ಡಿಎನ್‌ಎಸ್ ಸರ್ವರ್ ಯಾರು ಕೇಳಿದರೂ ಉತ್ತರ ಕೊಡುತ್ತಾ ಕೂತಿದೆ ಅಂತ ನೋಡುತ್ತೇವೆ. ಸಂಬಂಧಪಟ್ಟವರಿಗೆ ತಿಳಿಸುತ್ತೇವೆ. ಸರಿಯಾಗುವವರೆಗೂ ಬೆನ್ನು ಬಿಡುವುದಿಲ್ಲ.

“ಇದನ್ನೆಲ್ಲ ನೋಡಿಕೊಳ್ಳೋಕೆ ದೊಡ್ಡವರು ಯಾರೂ ಇಲ್ವಾ?” ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ಇಂಟರ್ನೆಟ್ ಅಂದರೆ ಹತ್ತಾರು ಸಾವಿರ ಸ್ವತಂತ್ರ ನೆಟ್‌ವರ್ಕ್‌ಗಳು. “ಈ ವಿಳಾಸಗಳು ನನ್ನ ಹತ್ತಿರ ಇವೆ” ಅಂತ ಒಂದು ನೆಟ್‌ವರ್ಕ್ ಬಿಜಿಪಿಯಲ್ಲಿ (ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ಪದ್ಧತಿ) ಹೇಳಿದರೆ ಪಕ್ಕದವರು ನಂಬುತ್ತಾರೆ, ಅವರಿಂದ ಮುಂದಿನವರು ನಂಬುತ್ತಾರೆ. 2008ರ ಫೆಬ್ರವರಿಯಲ್ಲಿ ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹೋಗಿ ಯೂಟ್ಯೂಬ್‌ನ 208.65.153.0/24 ಎಂಬ ವಿಳಾಸಗಳ ತುಂಡನ್ನು ಹೊರಗೂ ಘೋಷಿಸಿಬಿಟ್ಟಿತು. ಯೂಟ್ಯೂಬ್ ಘೋಷಿಸುತ್ತಿದ್ದದ್ದು /22, ಅಂದರೆ ಅದಕ್ಕಿಂತ ದೊಡ್ಡ ತುಂಡು (ಗೆರೆಯ ನಂತರದ ಅಂಕೆ ದೊಡ್ಡದಾದಷ್ಟೂ ತುಂಡು ಚಿಕ್ಕದು). ಬಿಜಿಪಿಯಲ್ಲಿ ಚಿಕ್ಕ ತುಂಡಿನ ಘೋಷಣೆಯೇ ಗೆಲ್ಲುತ್ತದೆ. ಪಾಕಿಸ್ತಾನ್ ಟೆಲಿಕಾಂಗೆ ಇಂಟರ್ನೆಟ್ ಕೊಡುತ್ತಿದ್ದ ಮೇಲಿನ ನೆಟ್‌ವರ್ಕ್ ಅದನ್ನು ಪರೀಕ್ಷಿಸದೆ ಮುಂದಕ್ಕೆ ದಾಟಿಸಿತು. ಸುಮಾರು ಎರಡು ಗಂಟೆ ಯೂಟ್ಯೂಬ್ ಬಹಳ ಕಡೆ ಸಿಗಲೇ ಇಲ್ಲ. ಸರಿಯಾಗಿದ್ದು ಹೇಗೆ? ಯೂಟ್ಯೂಬ್ ತಾನೂ ಚಿಕ್ಕ ತುಂಡುಗಳನ್ನು ಘೋಷಿಸಿತು, ಮೇಲಿನ ನೆಟ್‌ವರ್ಕ್ ತಪ್ಪು ರೂಟನ್ನು ತಡೆಯಿತು. ಇಂಥ ಹೊತ್ತಿನಲ್ಲಿ ಆಜ್ಞೆ ಮಾಡುವ ಮೇಲಧಿಕಾರಿ ಯಾರೂ ಇರುವುದಿಲ್ಲ. ಎಂಜಿನಿಯರ್‌ಗಳೇ ಮಾತಾಡಿಕೊಂಡು ಬಿಡಿಸಬೇಕು.

ನಾನು ಶುರು ಮಾಡಿದ್ದು ನನ್ನ ಕಂಪನಿಯ ನೆಟ್‌ವರ್ಕ್‌ನಿಂದಲೇ. ಬೇರೆಯವರಿಗೆ ಬುದ್ಧಿ ಹೇಳುವ ಮುಂಚೆ ನಮ್ಮದು ಸರಿಯಿರಬೇಕು, ಇಲ್ಲದಿದ್ದರೆ ಮೊದಲ ಉತ್ತರದಲ್ಲೇ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಾರೆ. ಮೊದಲು ಜಾರಿ ಮಾಡಿದ್ದು ಬಿಸಿಪಿ 38 ಎಂಬ ಶಿಫಾರಸು. ನಮ್ಮ ಗ್ರಾಹಕರಿಂದ ಹೊರಡುವ ಪ್ಯಾಕೆಟ್‌ನಲ್ಲಿ ಅವರದ್ದಲ್ಲದ ವಿಳಾಸ ಇದ್ದರೆ ಅಲ್ಲೇ ಬಿಸಾಡುವುದು, ಅಷ್ಟೇ. ಕಾಗದದಲ್ಲಿ “ಇಂದ” ಅಂತ ಇರುವ ಕಡೆ ಬೇರೆಯವರ ವಿಳಾಸ ಬರೆದು ಹತ್ತು ಕಡೆಗೆ ಹಾಕಿದರೆ ಹತ್ತೂ ಉತ್ತರ ಅವರ ಮನೆಗೆ ಹೋಗಿ ಬೀಳುತ್ತವಲ್ಲ, ದೊಡ್ಡ ದೊಡ್ಡ ದಾಳಿಗಳು ನಡೆಯುವುದು ಹಾಗೆಯೇ. 2018ರ ಫೆಬ್ರವರಿಯಲ್ಲಿ ಕೋಡ್ ಇಡುವ ತಾಣ ಗಿಟ್‌ಹಬ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್ ಬಂದು ಬಿದ್ದಿತು. ತೆರೆದು ಬಿಟ್ಟ ಮೆಮ್‌ಕ್ಯಾಷ್ಡ್ (ಡೇಟಾವನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ) ಸರ್ವರ್‌ಗಳಿಗೆ ಚಿಕ್ಕ ಪ್ರಶ್ನೆ ಕಳಿಸಿ, ಭಾರೀ ಉತ್ತರವನ್ನು ಗಿಟ್‌ಹಬ್ ಕಡೆ ತಿರುಗಿಸಿದ್ದರು. ಬಿಸಿಪಿ 38 ಬರೆದದ್ದು 2000ನೇ ಇಸವಿಯಲ್ಲಿ. ಇನ್ನೂ ಎಲ್ಲರೂ ಮಾಡಿಲ್ಲ. ಕಾರಣವೂ ಸ್ಪಷ್ಟ: ಫಿಲ್ಟರ್ ಹಾಕುವ ಖರ್ಚು ನಮ್ಮದು, ಲಾಭ ಎಲ್ಲೋ ಇರುವ ಇನ್ಯಾರಿಗೋ.

ಆಮೇಲೆ ಆರ್‌ಪಿಕೆಐ, ಅಂದರೆ ಯಾವ ವಿಳಾಸ ಯಾರದ್ದು ಅಂತ ಡಿಜಿಟಲ್ ಸಹಿಯಿಂದ ಖಾತರಿ ಮಾಡುವ ವ್ಯವಸ್ಥೆ. ಈ ವಿಳಾಸಗಳನ್ನು ಘೋಷಿಸಲು ಈ ಎಎಸ್ ನಂಬರಿಗೆ (ನೆಟ್‌ವರ್ಕ್‌ನ ಗುರುತಿನ ಸಂಖ್ಯೆ) ಮಾತ್ರ ಅಧಿಕಾರ ಅಂತ ಸಹಿ ಹಾಕಿದ ದಾಖಲೆಗೆ ಆರ್‌ಒಎ ಅನ್ನುತ್ತಾರೆ. ಪೋರ್ಟಲ್‌ನಲ್ಲಿ ನಾಲ್ಕು ಕ್ಲಿಕ್ ಮಾಡಿದರೆ ಮುಗಿಯಿತು ಅಂತ ಹೇಳುವವರ ಮಾತು ನಂಬಬೇಡಿ. ನಿಮ್ಮ ಹತ್ತಿರ ಒಂದು /20 ಇದೆ ಅಂದುಕೊಳ್ಳಿ. ಅದರಲ್ಲಿ ಒಂದು /24 ಅನ್ನು ಗ್ರಾಹಕರೊಬ್ಬರು ತಮ್ಮದೇ ಎಎಸ್ ನಂಬರಿನಿಂದ ಘೋಷಿಸುತ್ತಿದ್ದಾರೆ. ನೀವು /20ಕ್ಕೆ ಆರ್‌ಒಎ ಮಾಡಿದ ತಕ್ಷಣ ಅವರ /24 “ಇನ್‌ವ್ಯಾಲಿಡ್” ಆಗುತ್ತದೆ. ಆರ್‌ಒಎ ಪರೀಕ್ಷಿಸುವ ನೆಟ್‌ವರ್ಕ್‌ಗಳೆಲ್ಲ ಅದನ್ನು ಬಿಸಾಡುತ್ತವೆ. ಅಂದರೆ ಭದ್ರತೆ ಮಾಡಲು ಹೋಗಿ ನಿಮ್ಮ ಗ್ರಾಹಕರನ್ನು ನೀವೇ ಆಫ್ ಮಾಡಿದ ಹಾಗಾಯಿತು. ಅದಕ್ಕೆ ನಾನು ಹಿಡಿದ ಕ್ರಮ ಇದು: ನಮ್ಮ ವಿಳಾಸಗಳೊಳಗಿನ ಯಾವ ಯಾವ ತುಂಡು ಎಲ್ಲಿಂದ ಘೋಷಣೆ ಆಗುತ್ತಿದೆ ಅಂತ ಹೊರಗಿನಿಂದ ಪೂರ್ತಿ ಪಟ್ಟಿ ಮಾಡುವುದು, ಗ್ರಾಹಕರ ತುಂಡುಗಳಿಗೆ ಮೊದಲು ಆರ್‌ಒಎ ಮಾಡುವುದು, ದೊಡ್ಡ ತುಂಡಿಗೆ ಕೊನೆಯಲ್ಲಿ. ಪಟ್ಟಿ ಮಾಡುವಾಗಲೇ ಎಲ್ಲರೂ ಮರೆತುಬಿಟ್ಟಿದ್ದ ಒಬ್ಬ ಹಳೆಯ ಗ್ರಾಹಕರು ಸಿಕ್ಕಿದರು. ಹೀಗೆ ಮರೆತುಹೋದವರು ಎಲ್ಲ ನೆಟ್‌ವರ್ಕ್‌ಗಳಲ್ಲೂ ಇರುತ್ತಾರೆ.

ಇನ್ನೊಂದು ವಿಷಯ. ಆರ್‌ಒಎಯಲ್ಲಿ “ಗರಿಷ್ಠ ಉದ್ದ” ಅಂತ ಒಂದು ಜಾಗ ಇದೆ. ಎಷ್ಟು ಚಿಕ್ಕ ತುಂಡಿನವರೆಗೆ ಘೋಷಿಸಬಹುದು ಅಂತ ಅಲ್ಲಿ ಬರೆಯಬೇಕು. ಮುಂದೆ ಬೇಕಾದೀತು ಅಂತ ಸುಮ್ನೆ 24 ಅಂತ ತುಂಬುವವರೇ ಜಾಸ್ತಿ. ನೀವು ಘೋಷಿಸುತ್ತಿರುವುದು /20 ಮಾತ್ರ ಆಗಿದ್ದರೆ, ಕಳ್ಳನೊಬ್ಬ ನಿಮ್ಮ ಎಎಸ್ ನಂಬರನ್ನೇ ದಾರಿಯ ಕೊನೆಯಲ್ಲಿ ಸೇರಿಸಿಕೊಂಡು ಒಳಗಿನ /24 ಘೋಷಿಸಬಹುದು. ಆಗ ಆರ್‌ಪಿಕೆಐ ಅದನ್ನೂ “ವ್ಯಾಲಿಡ್” ಅನ್ನುತ್ತದೆ. ಎಷ್ಟು ಘೋಷಿಸುತ್ತೀರೋ ಅಷ್ಟನ್ನೇ ಬರೆಯಿರಿ.

ನಮ್ಮದು ಸರಿಯಾದ ಮೇಲೆ ಗುಂಪಿನ ಕೆಲಸಕ್ಕೆ ಕೈ ಹಾಕಿದೆ. ಇಲ್ಲಿ ತಾಂತ್ರಿಕ ಕೆಲಸ ಕಡಿಮೆ, ಕಾಗದಪತ್ರ ಜಾಸ್ತಿ. ತೂತು ಹುಡುಕುವುದು ಒಂದು ಸ್ಕ್ರಿಪ್ಟ್‌ನ ಕೆಲಸ. ಅದನ್ನು ಮುಚ್ಚಬಲ್ಲ ಮನುಷ್ಯ ಯಾರು ಅಂತ ಸ್ಕ್ರಿಪ್ಟ್ ಹೇಳುವುದಿಲ್ಲ. ಯಾವ ವಿಳಾಸ ಯಾರ ಹೆಸರಲ್ಲಿದೆ ಅಂತ ಹೇಳುವ ಹೂಈಸ್ ದಾಖಲೆಯಲ್ಲಿರುವ ಇಮೇಲ್ ಎಷ್ಟೋ ಸಲ ಕೆಲಸ ಬಿಟ್ಟು ಹೋದವರದ್ದು. ದೂರುಗಳಿಗೆಂದೇ ಇರುವ ಅಬ್ಯೂಸ್ ಮೇಲ್ ಡಬ್ಬಿಗೆ ಹಾಕಿದ್ದು ಸ್ಪ್ಯಾಮ್ ದೂರುಗಳ ರಾಶಿಯಲ್ಲಿ ಮುಳುಗುತ್ತದೆ. ನಾನು ಮೊದಲು ನೋಡುವುದು ಪೀರಿಂಗ್‌ಡಿಬಿ ಎಂಬ ನೆಟ್‌ವರ್ಕ್‌ಗಳ ಪಟ್ಟಿ. ಅಲ್ಲಿ ನೆಟ್‌ವರ್ಕ್ ನಡೆಸುವವರೇ ತಮ್ಮ ಎನ್‌ಒಸಿ (ನೆಟ್‌ವರ್ಕ್ ನೋಡಿಕೊಳ್ಳುವ ಕೇಂದ್ರ) ಸಂಪರ್ಕ ಬರೆದಿರುತ್ತಾರೆ. ಅಲ್ಲೂ ಸಿಗದಿದ್ದರೆ ಗುಂಪಿನಲ್ಲಿ ಕೇಳುತ್ತೇನೆ. ಆ ನೆಟ್‌ವರ್ಕ್‌ನವರ ಪರಿಚಯ ಯಾರಿಗೋ ಒಬ್ಬರಿಗೆ ಇದ್ದೇ ಇರುತ್ತದೆ. ಅದೂ ಆಗದಿದ್ದರೆ ಅವರಿಗೆ ಇಂಟರ್ನೆಟ್ ಕೊಡುವ ಮೇಲಿನ ನೆಟ್‌ವರ್ಕ್‌ಗೆ ಬರೆಯುತ್ತೇನೆ. ಮೇಲಿನವರಿಗೆ ನೇರವಾಗಿ ಹೋದರೆ ಚಾಡಿ ಹೇಳಿದ ಹಾಗಾಗುತ್ತದೆ, ಆದ್ದರಿಂದ ಅದು ಕೊನೆಯ ದಾರಿ.

ಪತ್ರ ಬರೆಯುವ ರೀತಿಯೂ ಮುಖ್ಯ. “ನಿಮ್ಮ ಸರ್ವರ್ ಅಪಾಯದಲ್ಲಿದೆ, ಈ ಲಿಂಕ್ ಒತ್ತಿ” ಅಂತ ಬಂದರೆ ನಾನೇ ಅಳಿಸಿ ಹಾಕುತ್ತೇನೆ. ಅದಕ್ಕೆ ಲಿಂಕ್ ಹಾಕುವುದಿಲ್ಲ, ಅಟ್ಯಾಚ್‌ಮೆಂಟ್ ಇರುವುದಿಲ್ಲ. ಯಾವ ಐಪಿ, ಯಾವ ಪೋರ್ಟ್, ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಯಾವ ಹೊತ್ತು, ಅವರೇ ತಮ್ಮ ಕಡೆಯಿಂದ ಪರೀಕ್ಷಿಸಲು ಒಂದು ಸಾಲಿನ ಕಮಾಂಡ್, ಸರಿಪಡಿಸಲು ಬದಲಿಸಬೇಕಾದ ಸೆಟ್ಟಿಂಗ್. ಇಷ್ಟು ಸಾಕು. ನಾನು ಯಾರು, ಎಲ್ಲಿ ಕೆಲಸ ಮಾಡುತ್ತೇನೆ, ಯಾಕೆ ಬರೆಯುತ್ತಿದ್ದೇನೆ ಅನ್ನುವುದು ಕೊನೆಯ ಎರಡು ಸಾಲಿನಲ್ಲಿ. ಬೈಗುಳ ಬೇಡ, ಗಡುವೂ ಬೇಡ. ಆ ಕಡೆ ಇರುವವರೂ ನಮ್ಮ ಹಾಗೆಯೇ ನಿದ್ದೆಗೆಟ್ಟು ಕೆಲಸ ಮಾಡುವವರು ಅಲ್ವಾ?

ಒಮ್ಮೆ ಒಂದು ಸಂಸ್ಥೆ ಧನ್ಯವಾದದ ಬದಲು ವಕೀಲರಿಂದ ಪತ್ರ ಕಳಿಸಿತು. ಅವರ ಸರ್ವರನ್ನು “ಅಕ್ರಮವಾಗಿ ಪ್ರವೇಶಿಸಿದ್ದೇನೆ” ಅಂತ ಆರೋಪ. ಆಗ ನನ್ನನ್ನು ಕಾಪಾಡಿದ್ದು ಗುಂಪಿನ ನಿಯಮ: ಹೊರಗಿನಿಂದ ಕಾಣುವುದನ್ನು ಮಾತ್ರ ನೋಡಬೇಕು. ಸಾಮಾನ್ಯ ಡಿಎನ್‌ಎಸ್ ಪ್ರಶ್ನೆ ಕೇಳಬಹುದು. ಪಾಸ್‌ವರ್ಡ್ “ಅಡ್ಮಿನ್” ಅಂತ ಇದೆ ಎಂಬ ಗುಮಾನಿ ಇದ್ದರೂ ಹಾಕಿ ನೋಡಬಾರದು. ಒಳಗೆ ಹೋಗಿ ನಾವೇ ಸರಿಪಡಿಸುವುದಂತೂ ಕೂಡದೇ ಕೂಡದು, ಉದ್ದೇಶ ಎಷ್ಟೇ ಒಳ್ಳೆಯದಿರಲಿ. ಕಳಿಸಿದ ಪ್ರತಿಯೊಂದು ಪ್ರಶ್ನೆಯ ಲಾಗ್ ಇಟ್ಟಿದ್ದೆ. ಅದನ್ನು ಅವರ ತಾಂತ್ರಿಕ ತಂಡಕ್ಕೆ ತೋರಿಸಿದ ಮೇಲೆ ವಿಷಯ ಅಲ್ಲಿಗೆ ನಿಂತಿತು. ಸರ್ವರ್ ಕೂಡ ಸದ್ದಿಲ್ಲದೆ ಸರಿಯಾಯಿತು.

ಗುಂಪಿನೊಳಗೆ ನಂಬಿಕೆ ಹೇಗೆ ಬರುತ್ತದೆ ಅನ್ನುವುದು ಬೇರೆಯೇ ಕಥೆ. ಹೊಸಬರನ್ನು ಸೇರಿಸಲು ಈಗಾಗಲೇ ಒಳಗಿರುವವರು ಜೊತೆಯಲ್ಲಿ ಕೆಲಸ ಮಾಡಿ ನೋಡಿ ಹೊಣೆ ಹೊರಬೇಕು. ಹಂಚಿಕೊಳ್ಳುವ ಮಾಹಿತಿಗೆಲ್ಲ ಟ್ರಾಫಿಕ್ ಲೈಟ್ ಗುರುತು ಇರುತ್ತದೆ. ಕೆಂಪು ಅಂದರೆ ಈಗ ಕೇಳಿಸಿಕೊಂಡವರನ್ನು ಬಿಟ್ಟು ಇನ್ನೊಬ್ಬರಿಗೆ ಹೋಗಬಾರದು, ನಿಮ್ಮ ಬಾಸ್‌ಗೂ. ಇದು ನಡೆಯುತ್ತದಾ ಅಂತ ಅನುಮಾನ ಇದ್ದವರು 2008ರ ಡಿಎನ್‌ಎಸ್ ಪ್ರಕರಣ ನೋಡಬೇಕು. ಭದ್ರತಾ ಸಂಶೋಧಕ ಡಾನ್ ಕಮಿನ್ಸ್ಕಿ ಕಂಡುಹಿಡಿದ ದೋಷದಿಂದ ಯಾವ ಸೈಟಿನ ವಿಳಾಸವನ್ನಾದರೂ ಸುಳ್ಳು ಮಾಡಬಹುದಿತ್ತು. ಸಂಬಂಧಪಟ್ಟ ತಜ್ಞರು ಒಂದೇ ಕೋಣೆಯಲ್ಲಿ ಸೇರಿ ಪರಿಹಾರ ಒಪ್ಪಿಕೊಂಡರು, ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ಪೈಪೋಟಿಯಲ್ಲಿದ್ದ ಕಂಪನಿಗಳೆಲ್ಲ ಜುಲೈ 8ರಂದು ಒಟ್ಟಿಗೆ ಪ್ಯಾಚ್ ಬಿಟ್ಟವು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. 2024ರ ಮಾರ್ಚ್‌ನಲ್ಲಿ ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಕೋಡ್ ಲೈಬ್ರರಿಯಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಸಿಕ್ಕಿತು. “ಜಿಯಾ ಟಾನ್” ಹೆಸರಿನವರು ವರ್ಷಗಟ್ಟಲೆ ಒಳ್ಳೆಯ ಪ್ಯಾಚ್ ಕಳಿಸಿ, ಒಬ್ಬರೇ ದುಡಿದು ಸುಸ್ತಾಗಿದ್ದ ನಿರ್ವಾಹಕರ ವಿಶ್ವಾಸ ಗಳಿಸಿ, ಕೊನೆಗೆ ಅದನ್ನು ಸೇರಿಸಿದ್ದರು. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್ ಒಳಗೆ ಹೋಗುವ ಪದ್ಧತಿ) ಲಾಗಿನ್ ಸುಮಾರು ಅರ್ಧ ಸೆಕೆಂಡು ತಡ ಆಗುತ್ತಿದೆ ಅಂತ ಬೆನ್ನು ಹತ್ತಿದ್ದರಿಂದ ಸಿಕ್ಕಿಬಿದ್ದಿತು. ನನಗೆ ಇದರಲ್ಲಿ ಹೆಚ್ಚು ಚುಚ್ಚಿದ್ದು ಹಿಂಬಾಗಿಲಲ್ಲ, ಸುಸ್ತಾದ ಆ ಒಬ್ಬರೇ. ನಮ್ಮಲ್ಲೂ ಕೆಲಸವೆಲ್ಲ ಒಂದಿಬ್ಬರ ತಲೆಯ ಮೇಲೆಯೇ ಇತ್ತು. ಈಗ ಸರದಿ ಇದೆ. ಸರದಿ ಇಲ್ಲದ ವಾರ ಯಾರಾದರೂ ರಾತ್ರಿ ಪತ್ರಗಳಿಗೆ ಉತ್ತರ ಬರೆಯುತ್ತಾ ಕೂತಿದ್ದರೆ “ನೀವು ಮಲಗಿ, ನಾವಿದ್ದೇವೆ” ಅಂತ ಅಟ್ಟುತ್ತೇವೆ. ಪ್ರತಿ ಪ್ರಕರಣದ ಟಿಪ್ಪಣಿಯನ್ನು ಇನ್ನೊಬ್ಬರು ಎತ್ತಿಕೊಂಡು ಮುಂದುವರಿಸುವ ಹಾಗೆ ಬರೆದಿಡುತ್ತೇವೆ. ಸ್ಕ್ರಿಪ್ಟ್‌ಗಳ ಬದಲಾವಣೆಯನ್ನು ಇಬ್ಬರು ನೋಡದೆ ಒಳಗೆ ಬಿಡುವುದಿಲ್ಲ, ಎಷ್ಟೇ ಹಳಬರು ಬರೆದಿದ್ದರೂ.

ಸೇರಬೇಕು ಅನ್ನುವವರಿಗೆ ನಾನು ಕೊಡುವ ಮೊದಲ ಕೆಲಸ ಬೇಜಾರು ತರಿಸುವಂಥದ್ದು: ಪೀರಿಂಗ್‌ಡಿಬಿಯಲ್ಲಿ ಮತ್ತು ಹೂಈಸ್‌ನಲ್ಲಿ ನಿಮ್ಮ ಸ್ವಂತ ನೆಟ್‌ವರ್ಕ್‌ನ ಸಂಪರ್ಕ ಸರಿಯಿದೆಯಾ ನೋಡಿ, ಆ ವಿಳಾಸಕ್ಕೆ ಹೊರಗಿನಿಂದ ಒಂದು ಮೇಲ್ ಹಾಕಿ, ಯಾರ ಕೈಗೆ ಹೋಗಿ ತಲುಪುತ್ತದೆ ಅಂತ ಹುಡುಕಿ. ಇದನ್ನು ಮಾಡಿ ಬಂದವರು ಗುಂಪಿನಲ್ಲಿ ಉಳಿಯುತ್ತಾರೆ. “ಹ್ಯಾಕಿಂಗ್ ಯಾವಾಗ?” ಅಂತ ಕೇಳುವವರು ಸಾಮಾನ್ಯವಾಗಿ ಎರಡನೇ ವಾರಕ್ಕೆ ಕಾಣಿಸುವುದಿಲ್ಲ.

ಈಗ ನಮ್ಮ ಕಣ್ಣು ಎಎಸ್‌ಪಿಎ ಎಂಬ ಇನ್ನೊಂದು ಬಗೆಯ ಸಹಿ ದಾಖಲೆಯ ಮೇಲಿದೆ. ಆರ್‌ಒಎ ನೋಡುವುದು ರೂಟ್ ಎಲ್ಲಿ ಹುಟ್ಟಿತು ಅನ್ನುವುದನ್ನು ಮಾತ್ರ, ನಡುವಿನ ದಾರಿಯನ್ನಲ್ಲ. ನನಗೆ ಇಂಟರ್ನೆಟ್ ಕೊಡುವವರು ಇಂತಿಂಥವರು ಅಂತ ಪ್ರತಿ ನೆಟ್‌ವರ್ಕ್ ಸಹಿ ಹಾಕಿ ಹೇಳಿದರೆ, ದಾರಿ ತಪ್ಪಿ ಸೋರಿದ ರೂಟ್‌ಗಳಲ್ಲಿ ಬಹಳಷ್ಟನ್ನು ಹಿಡಿಯಬಹುದು. ನಮ್ಮ ಕಂಪನಿಯ ಪಟ್ಟಿಯನ್ನು ಬರೆಯಲು ಕೂತಿದ್ದೇನೆ. ಬ್ಯಾಕಪ್ ಲಿಂಕ್ ಕೊಡುವ ನೆಟ್‌ವರ್ಕ್ ಒಂದು ಅದರಲ್ಲಿ ಬಿಟ್ಟುಹೋದರೆ, ಮುಖ್ಯ ಲಿಂಕ್ ಬಿದ್ದ ದಿನವೇ ನಮ್ಮ ರೂಟ್‌ಗಳು ಇನ್‌ವ್ಯಾಲಿಡ್ ಆಗುತ್ತವೆ. ಹಾಗಾಗಿ ಮೊದಲು ಬಿಲ್ಲಿಂಗ್ ವಿಭಾಗದವರ ಹತ್ತಿರ ಹೋಗಿ, ನಾವು ಯಾರ ಯಾರಿಗೆ ದುಡ್ಡು ಕಟ್ಟುತ್ತಿದ್ದೇವೆ ಅಂತ ಕೇಳಬೇಕು.